ಹಗಲು ಮುಚ್ಚಿ ದೀಪ ಹಚ್ಚಿದ್ದು

ನನ್ನ ಮೇಜಿನ ಮೇಲೆ ಒಂದು ಗಾಜಿನ ಹಂಚು ಇದೆ. ಕಾಗದ ಹಾರದಿರಲೆಂದು ಇಟ್ಟದ್ದು ಅಂತ ಬಂದವರಿಗೆ ಹೇಳುತ್ತೇನೆ. ಸುಳ್ಳು. ಹಾರಿಹೋಗುವಂಥ ಕಾಗದ ನನ್ನ ಬಳಿ ಯಾವುದೂ ಇಲ್ಲ. ಇರುವುದೆಲ್ಲ ಪ್ರಮಾಣಪತ್ರ, ಅವನ್ನು ಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದೇನೆ. ಹಂಚನ್ನು ಹೆಂಡತಿ ಮೊದಲು ಬಿಸಿಲಿಗೆ ಒಣಹಾಕಿದ ಮಾವಿನಕಾಯಿ ಹೋಳಿನ ಮೇಲೆ ಮುಚ್ಚಲು ಒಯ್ದಿದ್ದಳು, ಕಾಗೆ ಬಾಯಿ ಹಾಕದಿರಲಿ ಎಂದು. ಹೋಳಿನಲ್ಲಿ ಅರ್ಧದಷ್ಟೂ ಮುಚ್ಚಲಿಲ್ಲ.

"ತರೂದಾದ್ರೆ ನಾಲ್ಕು ತರಬೇಕಾಗಿತ್ತು. ಒಂದು ತಂದು ಎಂತ ಮಾಡೂದು?" ಎಂದು ವಾಪಸ್ ತಂದು ಮೇಜಿನ ಮೇಲೆ ಕುಕ್ಕಿದಳು. ಅಂದಿನಿಂದ ಅದು ಇಲ್ಲೇ ಇದೆ.

ಗಾಜಿನ ಹಂಚು ನೀವು ನೋಡಿರಬಹುದು. ಮಣ್ಣಿನ ಹಂಚಿನದೇ ಅಳತೆ, ಅದೇ ಕೊಕ್ಕೆ, ಆದರೆ ಗಾಜಿನದು. ಅಂಚಿನಲ್ಲಿ ಸ್ವಲ್ಪ ಹಸಿರು. ಮಾಡಿನಲ್ಲಿ ಮಣ್ಣಿನ ಹಂಚುಗಳ ನಡುವೆ ಒಂದೋ ಎರಡೋ ಕೂರಿಸಿದರೆ ಕೆಳಗೆ ನೆಲದ ಮೇಲೆ ಬಿಸಿಲಿನ ತುಂಡೊಂದು ಬೀಳುತ್ತದೆ, ಹೊತ್ತು ಹೋದ ಹಾಗೆ ಸರಿಯುತ್ತದೆ. ಧಾರೇಶ್ವರದ ನಮ್ಮ ಮನೆಯ ಅಡುಗೆಮನೆಯಲ್ಲಿ ಅಂಥದ್ದೊಂದಿತ್ತು. ಬಿಸಿಲು ಒರಳುಕಲ್ಲಿಗೆ ಮುಟ್ಟಿದರೆ ಅಜ್ಜಿ ಅನ್ನದ ಗಂಜಿ ಬಸಿಯುತ್ತಿದ್ದಳು. ಇದನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಹೋದ ವರ್ಷ ಅಕ್ಕ ಬಂದವಳು ಹೇಳಿದಳು: "ನಮ್ಮನೆಲಿ ಗಾಜಿನ ಹಂಚು ಎಲ್ಲಿತ್ತಾ? ಅದು ಒಡೆದ ಹಂಚು. ಮಳೆಗಾಲದಲ್ಲಿ ಕೆಳಗೆ ಕೊಪ್ಪರಿಗೆ ಇಡ್ತಿದ್ರು, ನೆನಪಿಲ್ಯನಾ?"

ನನಗೆ ಕೊಪ್ಪರಿಗೆಯೂ ನೆನಪಿದೆ. ಆದ್ದರಿಂದ ಯಾರು ಸರಿ ಎಂದು ಹೇಳಲಾರೆ.

ನಾನು ಐಟಿಐಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಮೋಟರ್ ಸುತ್ತುವುದನ್ನು ಕಲಿಸಿದವನು. ಸುಟ್ಟ ಮೋಟರಿನ ತಾಮ್ರದ ತಂತಿ ಬಿಚ್ಚಿ ಹೊಸ ತಂತಿ ಸುತ್ತಿದರೆ ಅದು ಮತ್ತೆ ತಿರುಗುತ್ತದೆ. ಮಾಲೀಕ ಖುಷಿಯಾಗಿ, ಹೊಸದರ ಹಾಗೆ ಆಯಿತು ಎನ್ನುತ್ತಾನೆ. ಆಗಿರುವುದಿಲ್ಲ. ಒಂದೊಂದು ಸಲ ಸುತ್ತಿದಾಗಲೂ ಅದು ಮೊದಲಿಗಿಂತ ಹೆಚ್ಚು ಕರೆಂಟು ತಿನ್ನುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ, ಹೊಸ ಬಣ್ಣ ಬಳಿದಿರುತ್ತಾರೆ. ಬಾಲ್ಯದ ನೆನಪು ಎಂದು ಬರೆಯುತ್ತಾರಲ್ಲ, ಬಹಳಷ್ಟು ಅಂಥ ಮೋಟರುಗಳೇ. ನನ್ನದೂ. ಮುಟ್ಟಿ ನೋಡಿ, ಕೈ ಸುಡುತ್ತದೆ.

ನಿವೃತ್ತನಾದ ಮೇಲೆ ಸುಮ್ಮನೆ ಕೂರಬಹುದಿತ್ತು. ಕೂರಲಿಲ್ಲ. ಹುಬ್ಬಳ್ಳಿಯಲ್ಲಿ ಎರಡು ದಿನದ ತರಬೇತಿಗೆ ಹೋದೆ. ಮೊದಲ ದಿನ ಪರಿಚಯ ಮತ್ತು ಊಟ, ಎರಡನೆಯ ದಿನ ಊಟ ಮತ್ತು ಪ್ರಮಾಣಪತ್ರ. ಹೋಗುವಾಗ ಮಾಸ್ತರ ಆಗಿದ್ದವನು ಬರುವಾಗ ಇಂಧನ ಉಳಿತಾಯದ ಸಲಹೆಗಾರನಾಗಿದ್ದೆ. ಕುಮಟಾದಿಂದ ಭಟ್ಕಳದ ತನಕ ಗಿರಣಿ, ಐಸ್ ಫ್ಯಾಕ್ಟರಿ, ಲಾಡ್ಜು, ಬಟ್ಟೆ ಅಂಗಡಿ ಎಲ್ಲವೂ ಕರೆಂಟು ಪೋಲು ಮಾಡುತ್ತ ನನಗಾಗಿಯೇ ಕಾದು ಕೂತಿವೆ ಎಂದು ತಿಳಿದುಕೊಂಡೆ. ಕರೆಂಟು ಪೋಲಾಗುತ್ತಿದ್ದದ್ದು ನಿಜ. ಕಾದಿರಲಿಲ್ಲ.

ಮುರ್ಡೇಶ್ವರದ ಒಂದು ಲಾಡ್ಜಿಗೆ ನಾನು ಆರಿಸಿಕೊಟ್ಟದ್ದು ಕಾರ್ಡಿನ ಸ್ವಿಚ್ಚು. ಬಾಗಿಲ ಕಾರ್ಡನ್ನು ಗೋಡೆಯ ಸೀಳಿನಲ್ಲಿ ತುರುಕಿದರೆ ಮಾತ್ರ ಎಸಿ, ದೀಪ; ಗಿರಾಕಿ ಹೊರಗೆ ಹೋಗುವಾಗ ಕಾರ್ಡು ತೆಗೆದರೆ ಎಲ್ಲ ಬಂದ್. ತಿಂಗಳು ಬಿಟ್ಟು ಹೋಗಿ ನೋಡಿದರೆ ಒಂದೊಂದು ಕೋಣೆಯ ಸೀಳಿನಲ್ಲೂ ಸೋಪಿನ ಡಬ್ಬಿಯ ರಟ್ಟು. ಖಾಯಂ. "ಪಾರ್ಟಿ ಒಳಗೆ ಬರುವಷ್ಟರಲ್ಲಿ ಕೋಣೆ ತಂಪಿರಬೇಕಲ್ರಾ" ಎಂದ ಮ್ಯಾನೇಜರ್. ರಟ್ಟನ್ನು ಅಳತೆಗೆ ಸರಿಯಾಗಿ ಕತ್ತರಿಸಿದ್ದರು. ಆ ಅಚ್ಚುಕಟ್ಟು ನನ್ನ ವರದಿಯಲ್ಲಿ ಇರಲಿಲ್ಲ.

ಭಟ್ಕಳದ ಬಟ್ಟೆ ಅಂಗಡಿಗೆ ಐದು ನಕ್ಷತ್ರದ ಎಸಿ ಆರಿಸಿಕೊಟ್ಟೆ. ಅಂಗಡಿಯ ಸಾಹೇಬರು ಅದನ್ನು ಹಾಕಿಸಿ, ಗಾಜಿನ ಬಾಗಿಲನ್ನು ಇಡೀ ದಿನ ತೆರೆದಿಟ್ಟು, ರಸ್ತೆಗೆ ತಂಪು ಹಾಯಿಸುತ್ತ ಕೂತಿದ್ದರು. ಬಾಗಿಲು ಹಾಕಿ ಎಂದೆ. "ಹಾಕಿದ್ರೆ ಗಿರಾಕಿ ಇವತ್ತು ಶುಕ್ರವಾರ, ಅಂಗಡಿ ರಜೆ ಅಂತ ತಿಳ್ಕೊಂಡು ವಾಪಸ್ ಹೋಗ್ತಾರೆ ಮಾಸ್ಟರ್" ಎಂದರು. ಚಹಾ ಕೊಟ್ಟರು. ಐದು ನಕ್ಷತ್ರದ ಸ್ಟಿಕ್ಕರನ್ನು ಎಸಿಯಿಂದ ಕಿತ್ತು ಗಲ್ಲೆಯ ಹಿಂದೆ ಗೋಡೆಗೆ ಅಂಟಿಸಿದ್ದರು, ಎಲ್ಲರಿಗೂ ಕಾಣಲಿ ಎಂದು.

ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಸಾಕ್ಷಿ ಈ ಹಂಚು. ಇದು ಕುಮಟಾದ ಹೊರಗಿನ ಒಂದು ಗೇರುಬೀಜದ ಫ್ಯಾಕ್ಟರಿಯದು. ಮಾಲೀಕರನ್ನು ಪ್ರಭುಗಳು ಎಂದು ಕರೆಯೋಣ. ಒಳ್ಳೆಯ ಮನುಷ್ಯ, ಯಾವ ವಸ್ತುವನ್ನೂ ಕೈಯಲ್ಲಿ ಹಿಡಿದು ತೂಗಿ ನೋಡದೆ ಕೊಂಡವರಲ್ಲ.

ಅಲ್ಲಿ ಎರಡು ಕಟ್ಟಡ. ಒಂದರಲ್ಲಿ ಬೀಜ ಒಡೆಯುತ್ತಾರೆ. ಒಡೆಯುವವರ ಕೈಗೆ ಬೀಜದ ಸೊನೆ ತಾಗಿ ಬೆರಳು ಕಪ್ಪಾಗುತ್ತದೆ, ಚರ್ಮ ಸುಲಿಯುತ್ತದೆ, ಬೂದಿ ತಿಕ್ಕಿದರೂ ತೆಂಗಿನೆಣ್ಣೆ ಹಚ್ಚಿದರೂ ಹೋಗುವುದಿಲ್ಲ. ಇನ್ನೊಂದರಲ್ಲಿ ಆರಿಸುತ್ತಾರೆ. ಸಿಪ್ಪೆ ಹೋದ ಗೋಡಂಬಿಯನ್ನು ಉದ್ದ ಮೇಜಿನ ಮೇಲೆ ಹರವಿ, ಬಿಳಿಯದು ಒಂದು ಕಡೆ, ಸ್ವಲ್ಪ ಕಂದಿದ್ದು ಇನ್ನೊಂದು ಕಡೆ, ಚುಕ್ಕೆಯದು ಮತ್ತೊಂದು ಕಡೆ. ಬಿಳಿಯದಕ್ಕೂ ಕಂದಿದ್ದಕ್ಕೂ ಇರುವ ವ್ಯತ್ಯಾಸ ನಿಮಗೂ ನನಗೂ ಕಾಣುವುದಿಲ್ಲ. ಮುಂಬೈಯ ಖರೀದಿದಾರನಿಗೆ ಮಾತ್ರ ಮೈಲಿ ದೂರದಿಂದ ಕಾಣುತ್ತದೆ. ಆರಿಸುವ ಮೇಜಿಗೆ ಬರಬೇಕಾದರೆ ಕೆಲವರು ಹತ್ತು ಹನ್ನೆರಡು ವರ್ಷ ಒಡೆಯುವ ಶೆಡ್ಡಿನಲ್ಲಿ ಕಳೆದಿರುತ್ತಾರೆ. ಬಂದ ಮೇಲೆ ಬೆರಳು ಬೆಳ್ಳಗಾಗಲು ಒಂದು ವರ್ಷ ಬೇಕು.

ಆ ಮೇಜಿನ ತಲೆಯಲ್ಲಿ ಕೂರುತ್ತಿದ್ದವಳು ಮಾದೇವಿ. ಐವತ್ತೈದರ ಆಚೀಚೆ. ಧಾರೇಶ್ವರದ ಆಚೆಯಿಂದ ಬೆಳಗಿನ ಬಸ್ಸಿಗೆ ಬರುವವಳು, ನಾನು ಹತ್ತುವುದೂ ಅದೇ ಬಸ್ಸು, ಹಾಗಾಗಿ ನನಗೆ ಬಸ್ಸಿನಲ್ಲೂ ಪರಿಚಯ. ಉಳಿದವರು ತಮಗೆ ಅನುಮಾನ ಬಂದ ಬೀಜವನ್ನು ಅವಳ ಕಡೆ ದೂಡುತ್ತಿದ್ದರು. ಅವಳು ಮಾತು ನಿಲ್ಲಿಸದೆ, ಬೆರಳಿನಿಂದ ಒಂದು ಸಲ ಉರುಳಿಸಿ ಅತ್ತಲೋ ಇತ್ತಲೋ ತಳ್ಳುತ್ತಿದ್ದಳು. ಆಮೇಲೆ ಆ ಬೀಜದ ಬಗ್ಗೆ ಯಾರೂ ಚರ್ಚೆ ಮಾಡುತ್ತಿರಲಿಲ್ಲ.

ಆರಿಸುವ ಕಟ್ಟಡದ ಮಾಡಿನಲ್ಲಿ ಸಾಲಾಗಿ ಗಾಜಿನ ಹಂಚುಗಳಿದ್ದವು. ಮಳೆಗಾಲ ಮುಗಿದು ಕೆಲಸ ಶುರುವಾಗುವ ಮೊದಲು, ಹೆಂಗಸರೆಲ್ಲ ಸೇರಿ ಒಬ್ಬನನ್ನು ಮಾಡು ಹತ್ತಿಸಿ, ಹಂಚಿನ ಪಾಚಿಯನ್ನು ತೆಂಗಿನ ಸಿಪ್ಪೆ, ಬೂದಿ ಹಾಕಿ ತಿಕ್ಕಿಸುತ್ತಿದ್ದರು. ಅವತ್ತು ಪ್ರಭುಗಳು ಎಲ್ಲರಿಗೂ ಅವಲಕ್ಕಿ ಕೊಡುವ ಪದ್ಧತಿ. ಕೆಳಗೆ ನಿಂತ ಮಾದೇವಿ "ಎಡಗಡೆ ಮೂಲೆ ಇನ್ನೂ ಹಸುರು ಅದೆ, ನಂಗೆ ಕಾಣ್ತದೆ, ಇಳಿಬೇಡ" ಎಂದು ಕೂಗುತ್ತಿದ್ದಳು.

ನಾನು ಒಳಗೆ ಬಂದು ಮೇಲೆ ನೋಡಿದೆ. ನನಗೆ ಕಂಡದ್ದು ಸೆಕೆ. ಗಾಜಿನಿಂದ ಬಿಸಿಲು ಬೀಳುತ್ತದೆ, ಬಿಸಿಲಿನಿಂದ ಸೆಕೆ, ಸೆಕೆಗೆ ಫ್ಯಾನು, ಫ್ಯಾನಿಗೆ ಕರೆಂಟು. ವರದಿ ಬರೆದೆ. ಗಾಜಿನ ಹಂಚು ತೆಗೆದು ಮಣ್ಣಿನದು ಹಾಕುವುದು. ಕೆಳಗೆ ಬೆಳ್ಳಿ ಕಾಗದದ ಥರ್ಮೋಕೋಲ್ ಸೀಲಿಂಗು. ಅರ್ಧ ಫ್ಯಾನು ಕಡಿತ. ಬೆಳಕಿಗೆ ಎಲ್‌ಇಡಿ ಟ್ಯೂಬು.

ಟ್ಯೂಬು ಆಯ್ಕೆ ಮಾಡುವ ದಿನ ಪ್ರಭುಗಳ ಆಫೀಸಿನಲ್ಲಿ ಮೂರು ಥರದ್ದು ಇಟ್ಟುಕೊಂಡು ಕೂತೆವು. ಪ್ರಭುಗಳು ಒಂದೊಂದನ್ನೂ ಅಂಗೈಯಲ್ಲಿ ತೂಗಿದರು.

"ತೂಕವೇ ಇಲ್ಲ ಮಾಸ್ತರೆ. ತೂಕ ಇಲ್ದಿದ್ದು ಬಾಳಿಕೆ ಬತ್ತದಾ?"

"ಬೆಳಕಿಗೆ ತೂಕ ಎಂತಕ್ಕೆ ಪ್ರಭುಗಳೆ?"

"ಅದೂ ಹೌದು. ನೀವು ಕಲಿತವರು, ಆರಿಸಿ."

ನಾನು ಪೆಟ್ಟಿಗೆಯ ಮೇಲಿನ ಒಂದು ಅಂಕಿಯನ್ನು ಇನ್ನೊಂದು ಅಂಕಿಯಿಂದ ಭಾಗಿಸಿದೆ. ಯಾವುದಕ್ಕೆ ಕರೆಂಟು ಕಡಿಮೆ, ಬೆಳಕು ಹೆಚ್ಚೋ ಅದನ್ನು ಆರಿಸಿದೆ. ಆ ಬೆಳಕಿನಲ್ಲಿ ಬಣ್ಣ ಹೇಗೆ ಕಾಣುತ್ತದೆ ಎನ್ನುವುದಕ್ಕೂ ಒಂದು ಅಂಕಿ ಇರುತ್ತದೆ. ಸಣ್ಣ ಅಕ್ಷರದಲ್ಲಿ, ಪೆಟ್ಟಿಗೆಯ ಬದಿಯಲ್ಲಿ. ಅದನ್ನು ನಾನು ಓದಲಿಲ್ಲ. ಓದಿದ್ದರೂ ಅರ್ಥವಾಗುತ್ತಿರಲಿಲ್ಲ, ಹುಬ್ಬಳ್ಳಿಯಲ್ಲಿ ಆ ಪಾಠ ಊಟದ ನಂತರ, ತೂಕಡಿಸುವ ಹೊತ್ತಿಗೆ ಇತ್ತು. ಪ್ರಭುಗಳು ತೂಗಿದ್ದನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಈಗ ಅನಿಸುತ್ತದೆ, ಅವರು ಕನಿಷ್ಠ ವಸ್ತುವನ್ನು ಮುಟ್ಟಿದ್ದರು. ಮತ್ತೆ, ಆ ಬೀಜ ಆರಿಸುವವರಲ್ಲಿ ಒಬ್ಬಳನ್ನಾದರೂ ಕರೆದು, ಮೂರು ಟ್ಯೂಬು ಹೊತ್ತಿಸಿ, ಯಾವುದರ ಕೆಳಗೆ ನಿನಗೆ ಕಾಣುತ್ತದೆ ಎಂದು ಕೇಳುವುದಕ್ಕೆ ಐದು ನಿಮಿಷ ಸಾಕಿತ್ತು. ಸಲಹೆಗಾರರು ಹಾಗೆ ಕೇಳುವುದಿಲ್ಲ. ಕೇಳಿದರೆ ಸಲಹೆ ಕೊಟ್ಟವರು ಅವರಾಗುತ್ತಾರೆ.

ಕೆಲಸ ಮುಗಿಯಿತು. ತೆಗೆದ ಗಾಜಿನ ಹಂಚುಗಳನ್ನು ಬಾವಿಕಟ್ಟೆಯ ಬಳಿ ಒಟ್ಟಿದ್ದರು. ನೆನಪಿಗೆ ಇರಲಿ ಎಂದು ಒಂದನ್ನು ನಾನು ಚೀಲಕ್ಕೆ ಹಾಕಿಕೊಂಡೆ. ಗೇಟಿನಲ್ಲಿ ಬೋರ್ಡು ಬಂತು, ಇಂಧನ ಉಳಿತಾಯದ ಮಾದರಿ ಘಟಕ ಎಂದು. ಅದರ ಪಕ್ಕ ನಾನೂ ಪ್ರಭುಗಳೂ ನಿಂತ ಫೋಟೋ ಇದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಹಗಲು ಹನ್ನೆರಡಕ್ಕೆ ಅಷ್ಟೂ ಟ್ಯೂಬು ಉರಿಯುತ್ತಿತ್ತು, ಉಳಿತಾಯ ಮಾಡುತ್ತ.

ಆ ಸೀಸನ್ನಿನಲ್ಲೇ ಮುಂಬೈಯಿಂದ ಗೋಡಂಬಿ ಡಬ್ಬಗಳು ವಾಪಸ್ ಬಂದವು. ಬಿಳಿಯ ಜೊತೆ ಕಂದು ಬೀಜ ಬೆರೆತಿದೆ ಎಂದು. ಮತ್ತೊಮ್ಮೆ ಬಂದವು. ಮೂರನೆಯ ಸಲ ಬಂದಾಗ ಪ್ರಭುಗಳು ನನ್ನನ್ನೂ ಮಾದೇವಿಯನ್ನೂ ಆಫೀಸಿಗೆ ಕರೆದರು.

"ಎಂತ ಮಾದೇವಿ ಇದು? ಇಪ್ಪತ್ತು ವರ್ಷ ಆಗದಿದ್ದು ಈಗ ಎಂತಕ್ಕೆ ಆತದೆ?"

"ನಂಗೆ ಕೇಳಿದ್ರೆ ನಾ ಎಂತ ಹೇಳೂದು ಒಡೆಯಾ. ಆ ಟ್ಯೂಬಿನ ಬುಡಕ್ಕೆ ಎಲ್ಲಾ ಬೆಳ್ಳಗೇ ಕಾಣ್ತದೆ. ನನ್ನ ಕೈಯೂ ಬೆಳ್ಳಗೆ ಕಾಣ್ತದೆ. ಇಷ್ಟು ಬೆಳ್ಳಗೆ ನನ್ನ ಕೈ ಮದ್ವೆ ದಿವಸವೂ ಇರ್ಲಿಲ್ಲ."

ಪ್ರಭುಗಳು ನಗಲಿಲ್ಲ. "ವಯಸ್ಸಾತು ಮಾದೇವಿ, ಕಣ್ಣು ಮಂಜಾಗಿರ್ಬೇಕು. ಹೊನ್ನಾವರದಲ್ಲಿ ಕ್ಯಾಂಪ್ ಅದೆ, ತೋರಿಸ್ಕಂಡು ಬಾ" ಎಂದರು.

ತೋರಿಸಿಕೊಂಡು ಬಂದಳು. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಎಂದರಂತೆ ಡಾಕ್ಟರು. ಆದರೂ ಕ್ಯಾಂಪಿನಿಂದ ಬರಿಗೈಯಲ್ಲಿ ಯಾಕೆ ಕಳಿಸಬೇಕೆಂದು ದಪ್ಪ ಕಪ್ಪು ಕಟ್ಟಿನ ಒಂದು ಕನ್ನಡಕ ಕೊಟ್ಟಿದ್ದರು. ಬಸ್ಸಿನಲ್ಲಿ ಕೇಳಿದೆ, ಈಗ ಹೇಗೆ ಎಂದು.

"ದೊಡ್ಡದಾಗಿ ಕಾಣ್ತದೆ ಮಾಸ್ತರೆ. ಬೇರೆ ಬೇರೆ ಕಾಣೂದಿಲ್ಲ."

ಮಾರನೆಯ ದಿನ ಮಧ್ಯಾಹ್ನ ಅವಳು ನನ್ನನ್ನು ಬಾವಿಕಟ್ಟೆಗೆ ಕರೆದಳು. ಕೈಯಲ್ಲಿ ಬಿಳಿಯದೆಂದು ಒಳಗೆ ಆರಿಸಿ ಮುಗಿಸಿದ ಬೀಜದ ತಟ್ಟೆ. ಬಿಸಿಲಿಗೆ ಹಿಡಿದಳು. "ಇದು, ಇದು, ಮತ್ತೆ ಇದು," ಎಂದು ಎಂಟೋ ಹತ್ತೋ ಬೀಜ ಎತ್ತಿ ಪಕ್ಕಕ್ಕಿಟ್ಟಳು. ಅವು ಕಂದಿದ್ದವು. ನನಗೂ ಕಂಡಿತು. ನೋಡಲು ಬಾರದ ನನಗೂ ಕಂಡಿತು ಎಂದರೆ ಇನ್ನೇನು ಬೇಕು.

"ಕಂಡ್ತಾ?" ಎಂದಳು.

"ನೋಡುವ," ಎಂದೆ.

ನೋಡುವ! ಕರಾವಳಿಯ ಭಾಷೆಯಲ್ಲಿ ಇದಕ್ಕಿಂತ ಹೇಡಿ ಶಬ್ದ ಇನ್ನೊಂದಿಲ್ಲ. ಆಗಲೇ ಕಂಡದ್ದನ್ನು ಮುಂದೆಂದೋ ನೋಡುವ ಎನ್ನುವುದು. ಗೇಟಿನ ಬೋರ್ಡಿನ ಬಣ್ಣ ಆಗಷ್ಟೇ ಒಣಗಿತ್ತು. ನನ್ನ ವರದಿಯನ್ನು ಹಿಡಿದು ಇನ್ನೆರಡು ಫ್ಯಾಕ್ಟರಿಯವರು ವಿಚಾರಿಸಿದ್ದರು. ನಾನು ಮನೆಗೆ ಬಂದು ಊಟ ಮಾಡಿ ಮಲಗಿದೆ. ಒಳ್ಳೆಯ ನಿದ್ದೆಯೇ ಬಂತು.

ಆ ವಾರ ಮಾದೇವಿಯನ್ನು ಬೀಜ ಒಡೆಯುವ ಶೆಡ್ಡಿಗೆ ಕಳಿಸಿದರು.

ಆಶ್ಚರ್ಯವೆಂದರೆ, ಆಮೇಲೆ ಡಬ್ಬ ವಾಪಸ್ ಬರುವುದು ನಿಂತಿತು. ಪ್ರಭುಗಳು ಫೋನು ಮಾಡಿ, "ನಿಮ್ಮ ಲೈಟು ಸರಿ ಇತ್ತು ಮಾಸ್ತರೆ, ಕಣ್ಣೇ ತಪ್ಪಿತ್ತು. ಈಗ ಒಡೆಯೂ ಶೆಡ್ಡಿಗೂ ಅದನ್ನೇ ಮಾಡುವ. ವರದಿ ಬರೆದು ಸಹಿ ಹಾಕಿ ಕೊಡಿ" ಎಂದರು. ನಾನೂ ಸ್ವಲ್ಪ ನಂಬಿದೆ. ಬಾವಿಕಟ್ಟೆಯ ತಟ್ಟೆಯಲ್ಲಿ ಎಂಟು ಕಂದು ಬೀಜ ಇದ್ದದ್ದು ನನ್ನ ನೆನಪಿನಲ್ಲಿ ನಾಲ್ಕಾಗಿತ್ತು, ಆ ನಾಲ್ಕೂ ಇರಲೇ ಇಲ್ಲವೇನೋ ಎನ್ನುವ ಹಂತಕ್ಕೆ ಬಂದಿತ್ತು. ಹೊಸ ತಂತಿ ಚೆನ್ನಾಗಿ ಸುತ್ತಿಕೊಳ್ಳುತ್ತಿತ್ತು.

ಅಳತೆ ತೆಗೆಯಲು ಶೆಡ್ಡಿಗೆ ಹೋದದ್ದು ಊಟದ ಹೊತ್ತಿಗೆ. ಅಲ್ಲಿ ಮಾಡು ಹಳೆಯದು, ಗಾಜಿನ ಹಂಚುಗಳು ಹಾಗೇ ಇದ್ದವು. ಒಂದು ಹಂಚಿನ ಬಿಸಿಲಿನಡಿ ಮಾದೇವಿ ಕೂತಿದ್ದಳು, ಬುತ್ತಿ ಬಿಚ್ಚದೆ. ಮುಂದೆ ಆರಿಸುವ ಕಡೆಯ ಮೂವರು ಹೆಂಗಸರು, ಸೆರಗಿನಡಿ ತಂದ ತಟ್ಟೆಗಳು. ಮಾದೇವಿಯ ಬೆರಳೆಲ್ಲ ಸೊನೆಯಿಂದ ಕಪ್ಪು. ಆ ಕೈಯಲ್ಲಿ ಬಿಳಿ ಬೀಜ ಮುಟ್ಟಿದರೆ ಕಲೆ ಹತ್ತುತ್ತದೆ. ಅದಕ್ಕೆ ಪೊರಕೆಯ ಕಡ್ಡಿಯೊಂದನ್ನು ಹಿಡಿದು ತೋರಿಸುತ್ತಿದ್ದಳು. ಅವಳು ಕಡ್ಡಿ ತಾಗಿಸಿದ ಬೀಜವನ್ನು ಇನ್ನೊಬ್ಬಳು ಎತ್ತಿ ಪಕ್ಕಕ್ಕಿಡುತ್ತಿದ್ದಳು. ಬಿಸಿಲು ಸರಿದಂತೆ ನಾಲ್ವರೂ ಕೂತಲ್ಲೇ ಸ್ವಲ್ಪ ಸ್ವಲ್ಪ ಸರಿಯುತ್ತಿದ್ದರು.

ಡಬ್ಬ ಯಾಕೆ ವಾಪಸ್ ಬರುತ್ತಿಲ್ಲ ಎಂದು ತಿಳಿಯಿತು. ಆರಿಸುವ ಕೆಲಸ ಇವಳದೇ. ಜಾಗ ಮಾತ್ರ ಇವಳದಲ್ಲ.

ನನ್ನ ಕೈಯಲ್ಲಿದ್ದ ಟೇಪು ನೋಡಿ ಹೆಂಗಸರು ತಟ್ಟೆ ಮುಚ್ಚಿದರು. ಮಾದೇವಿ ಮುಚ್ಚಲಿಲ್ಲ. "ಇದೊಂದು ಮಾಡು ಮುಚ್ಚಬೇಡಿ ಮಾಸ್ತರೆ," ಎಂದಳು. "ನಂಗಲ್ಲ. ಇವರ ಡಬ್ಬ ವಾಪಸ್ ಬಂದ್ರೆ ಇವರೂ ಇಲ್ಲಿಗೇ ಬತ್ರು."

"ಅದನ್ನೂ ಹೇಳು," ಎಂದಳು ತಟ್ಟೆ ಹಿಡಿದವಳು, "ನಾವೂ ಬಂದ್ರೆ ಇಲ್ಲಿ ಜಾಗ ಎಲ್ಲಿ ಅದೆ ಅಂತ."

ಅಲ್ಲಿಂದ ನೇರ ಆಫೀಸಿಗೆ ಹೋದೆ. ನೇರ ಎಂದು ಬರೆದದ್ದು ಚೆಂದ ಕಾಣುತ್ತದೆ. ದಾರಿಯಲ್ಲಿ ಒಂದು ಚಹಾ ಕುಡಿದೆ. ಸಹಿ ಹಾಕುವುದಿಲ್ಲ ಎಂದೆ. ಆರಿಸುವ ಕಡೆಗೆ ಆ ಟ್ಯೂಬು ಆಯ್ಕೆ ಮಾಡಿದ್ದು ನನ್ನ ತಪ್ಪು, ಸೀಲಿಂಗು ಬಿಚ್ಚಿ ಗಾಜಿನ ಹಂಚು ವಾಪಸ್ ಹಾಕಿಸಿ, ಹಗಲು ಟ್ಯೂಬೇ ಬೇಡ, ಅದಕ್ಕಿಂತ ದೊಡ್ಡ ಉಳಿತಾಯ ಯಾವುದೂ ಇಲ್ಲ, ಮಾದೇವಿಯನ್ನು ಮೇಜಿಗೆ ಕರೆಸಿ ಎಂದೆ. ಮಧ್ಯಾಹ್ನದ ಕಡ್ಡಿಯ ವಿಷಯ ಮಾತ್ರ ಹೇಳಲಿಲ್ಲ, ಹೇಳಿದರೆ ಅದೂ ನಿಲ್ಲುತ್ತಿತ್ತು.

ಪ್ರಭುಗಳು ಪೆನ್ನನ್ನು ಅಂಗೈಯಲ್ಲಿ ತೂಗುತ್ತ ಕೇಳಿದರು. "ಡಬ್ಬ ವಾಪಸ್ ಬತ್ತಾ ಇಲ್ವಲ್ಲ ಮಾಸ್ತರೆ?"

"ಇಲ್ಲ."

"ಹಂಗಾದ್ರೆ ಲೈಟು ಸರಿ ಅದೆ."

"ಇಲ್ಲ ಪ್ರಭುಗಳೆ. ಅವಳ ಕಣ್ಣು ಸರಿ ಇತ್ತು. ನೀವು ಸುಮ್ಮನೆ ತಪ್ಪನ್ನು ಕಣ್ಣಿನ ಮೇಲೆ ಹಾಕಿದ್ರಿ."

ಅವರಿಗೆ ನಿಜವಾಗಿಯೂ ಬೇಸರವಾಯಿತು. "ನಾ ಎಲ್ಲಿ ಹಾಕಿದೆ ಮಾರಾಯ್ರೆ? ಕಣ್ಣು ಅಂತ ಅವತ್ತು ಹೇಳಿದ್ದು ನೀವು. ಇದೇ ಕುರ್ಚಿಲಿ ಕೂತು. ವಯಸ್ಸಾತು, ಮಂಜಾಗಿರ್ಬೇಕು, ಹೊನ್ನಾವರದಲ್ಲಿ ಕ್ಯಾಂಪ್ ಅದೆ ಅಂತ. ನಂಗೆ ಕ್ಯಾಂಪಿನ ಸುದ್ದಿಯೇ ಗೊತ್ತಿರ್ಲಿಲ್ಲ."

ಇಷ್ಟು ಬರೆದು, ಈ ಬರಹದಲ್ಲೇ ಮೇಲಕ್ಕೆ ಹೋಗಿ ನೋಡಿದೆ. ಆ ಮಾತನ್ನು ಪ್ರಭುಗಳು ಹೇಳಿದರು ಎಂದೇ ಬರೆದಿದ್ದೇನೆ. ಬರೆಯುವಾಗ ಒಂದಿಷ್ಟೂ ಅಳುಕಿರಲಿಲ್ಲ. ಅವರ ದನಿಯೂ ಕೇಳಿಸುತ್ತಿತ್ತು. ಅದನ್ನು ತಿದ್ದುವುದಿಲ್ಲ, ಹಾಗೇ ಇರಲಿ. ಸುತ್ತಿದ ಮೋಟರ್ ಎಂದರೆ ಏನೆಂದು ಹುಡುಗರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ನಮೂನೆ ಮೂವತ್ತು ವರ್ಷದಲ್ಲಿ ಸಿಕ್ಕಿರಲಿಲ್ಲ.

"ಈಗ ನೀವೇ ಹಿಂಗೆ ಹೇಳಿದ್ರೆ," ಎಂದರು ಪ್ರಭುಗಳು, ಬಹಳ ಮರ್ಯಾದೆಯಿಂದ, "ನೀವೂ ಒಂದು ಸಲ ಕಣ್ಣು ತೋರಿಸ್ಕಳಿ. ಮುಂದಿನ ವಾರ ಭಟ್ಕಳದಲ್ಲಿ ಕ್ಯಾಂಪ್ ಅದೆ. ಸಹಿ ಆಮೇಲೆ ನೋಡುವ."

ಹೋಗಿ ತೋರಿಸಿಕೊಂಡೆ. ಯಾಕೆ ಹೋದೆ ಎಂದು ಕೇಳಬೇಡಿ. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗಿದೆ ಎಂದರು. ಬರಿಗೈಯಲ್ಲಿ ಕಳಿಸಲಿಲ್ಲ. ಅದೇ ದಪ್ಪ ಕಪ್ಪು ಕಟ್ಟು.

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಮಾದೇವಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ನಿಮ್ಗೂ ಕೊಟ್ರಾ?"

"ಕೊಟ್ರು."

"ಹೆಂಗೆ ಕಾಣ್ತದೆ?"

"ದೊಡ್ಡದಾಗಿ ಕಾಣ್ತದೆ."

ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಆಮೇಲೆ ಹುಬ್ಬಳ್ಳಿಯಿಂದ ಬೇರೆ ಯಾರೋ ಸಲಹೆಗಾರ ಬಂದು ಶೆಡ್ಡಿನ ಅಳತೆ ತೆಗೆದುಕೊಂಡು ಹೋದ ಸುದ್ದಿ ಹೇಳಿದಳು. ನನಗೆ ಗೊತ್ತಿರಲಿಲ್ಲ. ಮಾಡು ಮುಚ್ಚುವುದು ಮಳೆಗಾಲಕ್ಕೆ ಮೊದಲೇ ಅಂತೆ.

"ಬಾವಿಕಟ್ಟೆಲಿದ್ದ ಹಂಚೆಲ್ಲ ಯಾರ್ಯಾರೋ ಹೊತ್ಕಂಡು ಹೋದ್ರು," ಎಂದಳು. "ಒಂದು ನಿಮ್ಮನೆಲಿ ಅದೆಯಂತಲ್ಲ. ಅದು ನಂಗೆ ಕೊಡಿ."

"ಒಂದು ಇಟ್ಕಂಡು ಎಂತ ಮಾಡ್ತೆ?"

"ನಮ್ಮನೆ ಜಗಲಿ ಮಾಡಿಗೆ ಹಾಕ್ತೆ. ಶೆಡ್ಡು ಮುಚ್ಚಿದ ಮೇಲೆ ಇವರೆಲ್ಲ ತಟ್ಟೆ ತಕಂಡು ಎಲ್ಲಿಗೆ ಹೋಗೂದು?"

ಫ್ಯಾಕ್ಟರಿಯ ಬೀಜ ಗೇಟು ದಾಟಿ ಹೊರಗೆ ಹೋಗುವಂತಿಲ್ಲ, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಅದನ್ನು ಹೇಳಲು ಬಾಯಿ ತೆರೆದು, ಸಲಹೆ ಕೊಡುವುದು ಬೇಡ ಎಂದು ಮುಚ್ಚಿದೆ.

"ಆತು, ನಾಳೆ ತರ್ತೆ," ಎಂದೆ.

ಅದಕ್ಕೇ ಇದನ್ನೆಲ್ಲ ಇವತ್ತೇ ಕೂತು ಬರೆದದ್ದು, ಹಂಚು ಇನ್ನೂ ಮೇಜಿನ ಮೇಲೆ ಇರುವಾಗ. ನಾಳೆ ಬೆಳಗಿನ ಬಸ್ಸಿಗೆ ಇದು ಹೋಗುತ್ತದೆ. ಹೋದ ಮೇಲೆ, ಇದನ್ನು ಫ್ಯಾಕ್ಟರಿಯ ಮಾಡಿಗೆ ನಾನೇ ಏಣಿ ಹತ್ತಿ ವಾಪಸ್ ಕೂರಿಸಿದೆ, ಕೆಳಗೆ ಮೇಜಿನ ತಲೆಯಲ್ಲಿ ಮಾದೇವಿ ಕೂತಿದ್ದಳು ಎಂದು ಸಭೆಯಲ್ಲಿ ಹೇಳಲು ನನಗೆ ಹೆಚ್ಚು ದಿನ ಬೇಕಾಗುವುದಿಲ್ಲ.